ಬುಟ್ಟಿಯಲ್ಲಿದ್ದ ಮೂವತ್ತೈದು

ಕಸವನ್ನು ಕಪಾಟಿನಲ್ಲಿ ಜೋಡಿಸಿಟ್ಟು, ಬಂಗಾರವನ್ನು ಕಸದ ಬುಟ್ಟಿಗೆ ಹಾಕಿ, ಆ ಬುಟ್ಟಿಗೆ ಒಂಬತ್ತು ವರ್ಷ ಕಾವಲು ಕೂತವಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ಇದ್ದಾಳೆ ಒಬ್ಬಳು. ಬುದ್ಧಿಯಿಲ್ಲದವಳೇನೂ ಅಲ್ಲ, ಅಡುಗೆಮನೆಯ ನಾಲ್ಕು ಗೋಡೆಗಳ ಅಳತೆ ಕೊಟ್ಟರೆ ಸಂಜೆಯೊಳಗೆ ಅದರ ಕಪಾಟು, ಖಾನೆ, ಬಾಗಿಲು, ಹಿಡಿಕೆ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ಕೊಡುವಷ್ಟು ಚುರುಕು. ಆದರೆ ಏನು ಮಾಡುತ್ತೀರಿ, ಒಡಹುಟ್ಟಿದವರ ವಿಷಯಕ್ಕೆ ಬಂದರೆ ಜಾಣರೇ ಮೊದಲು ಪೆದ್ದರಾಗುತ್ತಾರೆ.

ಮೂವರಲ್ಲಿ ಇವಳು ನಡುವಿನವಳು. ಮೇಲಿನವನು ಅಣ್ಣ, ಬಡಗಿ. ತಂದೆತಾಯಿ ಹೋದಮೇಲೆ ಇಬ್ಬರು ತಂಗಿಯರನ್ನು ಸಾಕಿದವನು, ಮದುವೆಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಮರದ ಜೊತೆಗೇ ಬಾಳಿದವನು. ಕೆಳಗೆ ಅವನ ಗರಗಸ, ರಂದ, ಹಲಗೆಗಳ ರಾಶಿ. ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಮೇಲೆ ಗಾಜಿನ ಕಿಟಕಿಯ ಪುಟ್ಟ ಕೋಣೆ, ಅಲ್ಲಿ ನಡುವಿನವಳ ಮೇಜು. ಕಿಟಕಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ಮರದ ಹುಡಿ ಒಳಗೆ ಬಂದೇ ಬರುತ್ತಿತ್ತು. ಚಹಾದ ಲೋಟದಲ್ಲಿ ಅದೇ, ರೆಪ್ಪೆಯ ಮೇಲೆ ಅದೇ, ಲ್ಯಾಪ್‌ಟಾಪಿನ ಸಂದುಗೊಂದುಗಳಲ್ಲೂ ಅದೇ.

ಕಿರಿಯವಳನ್ನು ಎಲ್ಲರೂ ಚಿನಕುರುಳಿ ಎಂದೇ ಕರೆಯುತ್ತಿದ್ದರು. ಬಾಯಿ ತೆರೆದರೆ ಚಟಪಟ. ಗಿರಾಕಿಗಳ ಮನೆಗೆ ಹೋಗಿ ಅಳತೆ ತರುವುದು ಅವಳ ಕೆಲಸ. ಎರಡೂ ಕೈಯಲ್ಲಿ ಟೇಪು ಹಿಡಿದುಕೊಂಡವಳು ಬರೆದುಕೊಳ್ಳುವುದು ಹೇಗೆ? ಅದಕ್ಕೆ ಫೋನನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು, ರೆಕಾರ್ಡಿಂಗ್ ಹಾಕಿ, ಅಳತೆಯನ್ನೆಲ್ಲ ಬಾಯಲ್ಲೇ ಹೇಳಿ ಕಳಿಸುತ್ತಿದ್ದಳು. ಬರೀ ಅಳತೆ ಹೇಳಿದ್ದರೆ ಅವಳು ಚಿನಕುರುಳಿ ಹೇಗಾದಾಳು! ಆ ಮನೆಯ ಬೆಕ್ಕಿನ ಸಮಾಚಾರ, ಯಜಮಾನನ ಗೊರಕೆ, ಗಂಡಹೆಂಡಿರಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು, ಎಲ್ಲವೂ ಮಿಲಿಮೀಟರುಗಳ ನಡುವೆ ಬರುತ್ತಿತ್ತು. ನಡುವಿನವಳು ಮೇಲಿನ ಕೋಣೆಯಲ್ಲಿ ಒಬ್ಬಳೇ ಕೂತು ನಗುತ್ತಾ ಗೆರೆ ಎಳೆಯುತ್ತಿದ್ದಳು. ಕಪಾಟು ತಯಾರಾದ ಮೇಲೆ ಆ ರೆಕಾರ್ಡಿಂಗ್ ಅಳಿಸಿಬಿಡುವುದು. ನಾಳೆ ಇನ್ನೊಂದು ಬರುತ್ತಲ್ಲ, ಎಂದುಕೊಂಡಿದ್ದಳು.

ಬರದೆ ಹೋದದ್ದು ಹೀಗೆ. ಮೇಷ್ಟ್ರೊಬ್ಬರ ಮನೆಯಲ್ಲಿ ಅಡುಗೆಮನೆ ಮುಗಿದು, ಮಲಗುವ ಕೋಣೆಯ ಅಳತೆಗೆ ಚಿನಕುರುಳಿ ಹೋಗಿದ್ದಳು. ಮೇಷ್ಟ್ರು ಸುಮ್ಮನೆ ಕೇಳಿದರು: ‘ಅಡುಗೆಮನೆ ಕಪಾಟು ಪೂರ್ತಿ ಮರದ್ದೇ ಅಲ್ವೇನಮ್ಮ?’ ಅಣ್ಣ ಹಾಗೆ ಹೇಳಿ ಕೆಲಸ ಒಪ್ಪಿಕೊಂಡಿದ್ದ. ಇವಳು, ‘ಇಲ್ಲ ಮೇಷ್ಟ್ರೇ, ಒಳಗೆ ಹುಡಿ ಒತ್ತಿ ಮಾಡಿದ ಹಲಗೆ, ಮೇಲೆ ಮಾತ್ರ ಮರದ ಹಾಳೆ’ ಅಂದುಬಿಟ್ಟಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮೇಷ್ಟ್ರು ಮಾರನೆಯ ದಿನ ಕಾರ್ಖಾನೆಗೇ ಬಂದು, ಕೆಲಸಗಾರರೆಲ್ಲರ ಮುಂದೆ ಹಲಗೆಯೊಂದನ್ನು ಬೆರಳಲ್ಲಿ ತಟ್ಟಿ ತೋರಿಸಿ, ಒಂದೂ ಮಾತಾಡದೆ ಹೋದರು. ಬೈದಿದ್ದರೆ ಅಣ್ಣ ತಡೆದುಕೊಳ್ಳುತ್ತಿದ್ದನೋ ಏನೋ.

‘ಹೊರಗಿನವರ ಮುಂದೆ ನನ್ನ ಮಾನ ಕಳೆದೆ’ ಅಂದ ಅಣ್ಣ.

‘ಕಳೆದಿದ್ದು ನಾನಲ್ಲ, ನಿನ್ನ ಹಲಗೆ’ ಅಂದಳು ಚಿನಕುರುಳಿ.

ಮಾತಿಗೆ ಮಾತು ಬೆಳೆಯಿತು. ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ. ನಡುವಿನವಳು ಅವನ ಕೈ ಹಿಡಿದಳು, ಇವಳ ಬಾಯಿ ಮುಚ್ಚಿದಳು, ಒಂದೂ ನಡೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಒಂದು ಚೀಲ, ಒಂದು ಜೊತೆ ಚಪ್ಪಲಿ, ಒಂದು ಟೇಪು ಮನೆಯಿಂದ ಹೋಗಿದ್ದವು. ಕೆಲವು ತಿಂಗಳ ಮೇಲೆ ನಡುವಿನವಳು ಅವಳ ನಂಬರಿಗೆ ಕದ್ದು ಫೋನ್ ಮಾಡಿದರೆ ಯಾವನೋ ಗಂಡಸು ಎತ್ತಿ, ‘ಯಾರ್ರೀ ನೀವು’ ಎಂದು ರೇಗಿದ. ನಂಬರು ಬೇರೆಯವರಿಗೆ ಹೋಗಿತ್ತು, ಆ ದಾರಿಯೂ ಮುಚ್ಚಿತು.

ಅಷ್ಟರಲ್ಲೇ ಒಂದು ದಿನ ಅಣ್ಣ ಮೆಟ್ಟಿಲು ಹತ್ತಿ ಬಂದು ಅವಳ ಕುರ್ಚಿಯ ಹಿಂದೆ ನಿಂತಿದ್ದ. ‘ಇದರಲ್ಲಿ ಅವಳದ್ದು ಏನೇನಿದೆಯೋ ಎಲ್ಲಾ ತೆಗಿ’ ಅಂದಿದ್ದ. ಇದ್ದದ್ದು ಮೂವತ್ತೊಂದು ಫೋಟೋ, ಅಳಿಸದೆ ಉಳಿದಿದ್ದ ನಾಲ್ಕು ರೆಕಾರ್ಡಿಂಗ್. ಅವಳು ಮೂವತ್ತೈದನ್ನೂ ಗುರುತು ಮಾಡಿ ಡಿಲೀಟ್ ಒತ್ತಿದಳು. ‘ಹೋಯ್ತಾ?’ ಅಂದ. ‘ಹೋಯ್ತು’ ಅಂದಳು. ‘ಇನ್ಮೇಲೆ ಅವಳದ್ದು ಏನೂ ಇಡಲ್ಲ ಅಂತ ಅಮ್ಮನ ಮೇಲೆ ಆಣೆ ಮಾಡು.’ ‘ಇಡಲ್ಲ’ ಅಂದಳು. ಅಂದಳು ಏನು, ಅನ್ನಿಸಿದ.

ಅಣ್ಣನಿಗೆ ಗರಗಸ ಗೊತ್ತು, ಕಂಪ್ಯೂಟರ್ ಗೊತ್ತಿಲ್ಲ. ಡಿಲೀಟ್ ಒತ್ತಿದ್ದು ಎಲ್ಲಿಗೂ ಹೋಗುವುದಿಲ್ಲ; ಪರದೆಯ ಮೂಲೆಯಲ್ಲಿರುವ ಕಸದ ಬುಟ್ಟಿಗೆ ಬಿದ್ದು, ಬುಟ್ಟಿ ಖಾಲಿ ಮಾಡುವ ತನಕ ಅಲ್ಲೇ ಇರುತ್ತದೆ. ನಡುವಿನವಳು ಬುಟ್ಟಿ ಖಾಲಿ ಮಾಡಲಿಲ್ಲ. ಹೊರಗೆ ತೆಗೆಯಲೂ ಇಲ್ಲ. ತೆಗೆದರೆ ಇಟ್ಟ ಹಾಗಾಗುತ್ತದೆ, ಆಣೆ ಮುರಿದ ಹಾಗಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬುಟ್ಟಿಯಲ್ಲಿದ್ದದ್ದು ಇಟ್ಟದ್ದಲ್ಲ, ಎಸೆದದ್ದೂ ಅಲ್ಲ ಎಂದು ತನಗೆ ತಾನೇ ಒಂದು ನ್ಯಾಯ ಮಾಡಿಕೊಂಡಳು. ಎಲ್ಲಿ ಕೈತಪ್ಪಿ ಖಾಲಿ ಮಾಡಿಬಿಡುತ್ತೇನೋ ಎಂಬ ಹೆದರಿಕೆಗೆ ಬೇರೆ ಯಾವ ಕಸವನ್ನೂ ಅಲ್ಲಿಗೆ ಹಾಕಲಿಲ್ಲ. ಕೆಟ್ಟ ಗೆರೆಗಳು, ರದ್ದಾದ ನಕ್ಷೆಗಳು, ಹಾಳು ಮೂಳು ಎಲ್ಲಕ್ಕೂ ‘ಬೇಡ’ ಎಂಬ ಹೆಸರಿನ ಒಂದು ಫೋಲ್ಡರ್ ಮಾಡಿ, ಅದರಲ್ಲಿ ನೀಟಾಗಿ ವರ್ಷವಾರು ಜೋಡಿಸಿದಳು.

ಇದರಲ್ಲಿ ಇನ್ನೊಂದು ಸಂಕಟ ಇತ್ತು. ಬುಟ್ಟಿಯಲ್ಲಿರುವ ಫೋಟೋ ತೆರೆಯುವುದಿಲ್ಲ, ಹಾಡು ಹಾಡುವುದಿಲ್ಲ. ಹೆಸರು ಕಾಣುತ್ತದೆ, ಅಂಚೆಚೀಟಿಯಷ್ಟು ಸಣ್ಣ ಚಿತ್ರ ಕಾಣುತ್ತದೆ, ಅಷ್ಟೇ. ಅರ್ಧ ಮುಗಿದ ಬೀರುವಿನೊಳಗೆ ನಿಂತು ಇಣುಕುತ್ತಿರುವ ಚಿನಕುರುಳಿ ಅಂಚೆಚೀಟಿಯಷ್ಟು. ಹಲಗೆ ರಾಶಿಯ ಮೇಲೆ ಕಾಲು ಇಳಿಬಿಟ್ಟು, ಕೂದಲ ತುಂಬ ಮರದ ಸುರುಳಿ ಸಿಕ್ಕಿಸಿಕೊಂಡು ಕೂತ ಚಿನಕುರುಳಿ ಅಷ್ಟೇ ಅಂಚೆಚೀಟಿ. ರೆಕಾರ್ಡಿಂಗ್‌ಗಳಂತೂ ಬರೀ ನಾಲ್ಕು ಸಾಲು. ಮಧ್ಯಾಹ್ನ ಕೆಳಗೆ ಗರಗಸ ನಿಂತ ಹೊತ್ತಿನಲ್ಲಿ ನಡುವಿನವಳು ಬುಟ್ಟಿ ತೆರೆದು, ಆ ನಾಲ್ಕು ಸಾಲುಗಳನ್ನು ನೋಡುತ್ತಾ ಕೂರುತ್ತಿದ್ದಳು. ಒಳಗೆ ಅವಳ ದನಿ ಇದೆ, ಒಂದು ಸಲ ಬೆರಳು ಒತ್ತಿ ಬುಟ್ಟಿಯಿಂದ ತೆಗೆದರೆ ಹೊರಗೆ ಬರುತ್ತದೆ, ‘ಅಕ್ಕಾ’ ಅನ್ನುತ್ತದೆ. ಒತ್ತುತ್ತಿರಲಿಲ್ಲ.

ಒಂದು ಪೆನ್‌ಡ್ರೈವ್‌ಗೆ ಹಾಕಿ ಎಲ್ಲಾದರೂ ಬಚ್ಚಿಡಬಾರದಿತ್ತೇ ಎಂದು ನೀವು ಕೇಳಬಹುದು. ಬಚ್ಚಿಟ್ಟರೂ ಇಟ್ಟದ್ದು ಇಟ್ಟದ್ದೇ ತಾನೆ, ಅನ್ನುತ್ತಾಳೆ. ಇಂಥವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಒಂಬತ್ತು ವರ್ಷ ಹೀಗೇ ಹೋಯಿತು. ಆಮೇಲೆ ಲ್ಯಾಪ್‌ಟಾಪು ಸದ್ದು ಮಾಡಲು ಶುರುಮಾಡಿತು. ಮೊದಲು ದಿನಕ್ಕೊಮ್ಮೆ, ‘ಟಕ್’. ಆಮೇಲೆ ಗಂಟೆಗೊಮ್ಮೆ. ಒಂದು ನಕ್ಷೆ ತೆರೆಯಲು ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯತೊಡಗಿತು. ಒಂದು ಬೆಳಗ್ಗೆ ಮೂರು ಸಲ ಗುಂಡಿ ಒತ್ತಿದ ಮೇಲೆ ಎದ್ದಿತು. ಅದು ಎದ್ದ ಕೂಡಲೇ ಅವಳು ನೋಡಿದ್ದು ನಕ್ಷೆಗಳನ್ನಲ್ಲ. ಬುಟ್ಟಿ ತೆರೆದು ಎಣಿಸಿದಳು, ಮೂವತ್ತೈದೂ ಇತ್ತು.

ರಿಪೇರಿಗೆ ತಾನೊಬ್ಬಳೇ ಹೋಗಿಬರುತ್ತೇನೆಂದು ಚೀಲ ಹೆಗಲಿಗೇರಿಸಿದಳು. ಅಣ್ಣ ಕೈತೊಳೆದು ಅಂಗಿ ಬದಲಿಸಿ ಬಾಗಿಲಲ್ಲಿ ನಿಂತಿದ್ದ.

‘ನೀನ್ಯಾಕೆ? ನಾನು ಹೋಗ್ಬರ್ತೀನಿ.’

‘ಹನ್ನೆರಡು ಅಡುಗೆಮನೆ ಇದೆ ಅದರಲ್ಲಿ. ಹೊಸ ಕಟ್ಟಡದವರು ವಾರದಲ್ಲಿ ಕೇಳ್ತಾರೆ. ಅದು ಹೋದ್ರೆ ನಾವಿಬ್ಬರೂ ಹೋದ ಹಾಗೆ.’

‘ಅಲ್ಲಿ ತುಂಬ ಹೊತ್ತಾಗುತ್ತೆ ಅಣ್ಣ.’

‘ಆಗ್ಲಿ. ನಂಗೇನು ಹಡಗು ತಪ್ಪಿ ಹೋಗುತ್ತಾ?’

ರಿಪೇರಿ ಅಂಗಡಿ ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ, ಎರಡು ಮೆಟ್ಟಿಲು ಕೆಳಗಿಳಿದರೆ ಸಿಗುವ ಉದ್ದನೆಯ ಕೋಣೆ. ಅದನ್ನು ನಡೆಸುವ ಹೆಂಗಸನ್ನು ಬೀದಿಯವರು ಡಾಕ್ಟರಮ್ಮ ಎಂದು ಕರೆಯುತ್ತಿದ್ದರು. ಹಣೆಗೊಂದು ದೀಪ ಕಟ್ಟಿಕೊಂಡು, ಹಸಿರು ರಬ್ಬರು ಹಾಸಿನ ಮೇಲೆ ಸ್ಕ್ರೂಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿರುವವಳು. ಕೈ ಎಷ್ಟು ಮೃದುವೋ ಬಾಯಿ ಅಷ್ಟೇ ಒರಟು.

ಲ್ಯಾಪ್‌ಟಾಪನ್ನು ಕಿವಿಗೆ ಹಿಡಿದು ಕೇಳಿದಳು. ‘ಟಕ್’ ಅಂದಿತು.

‘ಡಿಸ್ಕು ಹೋಗ್ತಾ ಇದೆ. ಬ್ಯಾಕಪ್ ಇದೆಯಾ?’

ನಡುವಿನವಳು ಹಾಸಿನ ಮೇಲಿನ ಸ್ಕ್ರೂಗಳನ್ನು ನೋಡಿದಳು.

‘ಇಲ್ಲ ಅನ್ನಿ. ಎಲ್ಲರೂ ಹೀಗೇ ಸುಮ್ಮನಿರ್ತಾರೆ. ಹಲ್ಲು ನೋವಾದ ಮೇಲೇ ಹಲ್ಲುಜ್ಜೋ ನೆನಪು.’

ಹಿಂದಿನ ತಗಡು ಬಿಚ್ಚಿದಾಗ ಒಂದು ಹಿಡಿ ಮರದ ಹುಡಿ ಹಸಿರು ಹಾಸಿನ ಮೇಲೆ ಸುರಿಯಿತು. ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದಳು.

‘ಇದೇನು ಲ್ಯಾಪ್‌ಟಾಪಾ, ಮರದ ಮಿಲ್ಲಾ?’

‘ಅದು ಅಸಲಿ ಮರದ ಹುಡಿ’ ಅಂದ ಅಣ್ಣ, ಬಿಗಿಯಾಗಿ. ಮೇಷ್ಟ್ರು ತಟ್ಟಿ ಹೋದ ದಿನದಿಂದ ಅವನ ಕಾರ್ಖಾನೆಗೆ ಹುಡಿ ಹಲಗೆ ಬಂದಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿದವನಲ್ಲ.

ಡಾಕ್ಟರಮ್ಮ ಹುಡಿಯನ್ನು ಬ್ರಶ್ಶಿನಿಂದ ಗುಡಿಸಿ, ಎರಡು ಸ್ಕ್ರೂ ಸಡಿಲಿಸಿ, ಅಂಗೈಯಗಲದ ಡಿಸ್ಕನ್ನು ಹಿಂದಕ್ಕೆ ಜಾರಿಸಿ ತೆಗೆದಳು. ಅದನ್ನು ಒಂದು ತಂತಿಯಿಂದ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಹೊಸ ಡಿಸ್ಕನ್ನು ರಟ್ಟಿನ ಡಬ್ಬಿಯಿಂದ ತೆಗೆದು ಪಕ್ಕದಲ್ಲಿಟ್ಟಳು. ಹೊಸದು ಬಿಸ್ಕತ್ತಿನಷ್ಟು ತೆಳ್ಳಗೆ. ತಿರುಗುವುದೂ ಇಲ್ಲ, ಸದ್ದೂ ಇಲ್ಲ.

‘ನೋಡಿ, ಮೊದಲೇ ಹೇಳಿಬಿಡ್ತೀನಿ. ಇದಕ್ಕೆ ಉಸಿರಿರೋ ತನಕ ಇದರಿಂದ ಎತ್ತಿ ಅದಕ್ಕೆ ಹಾಕ್ತಾ ಇರ್ತೀನಿ. ಯಾವಾಗ ನಿಲ್ಲುತ್ತೋ ಗೊತ್ತಿಲ್ಲ. ನಿಂತ್ರೆ ಮತ್ತೆ ಏಳಲ್ಲ. ಅದಕ್ಕೆ, ಯಾವುದು ಇಲ್ಲದಿದ್ರೆ ಬದುಕೋಕಾಗಲ್ವೋ ಅದನ್ನ ಮೊದಲು ಹೇಳಿ.’

ಯಾವುದು ಇಲ್ಲದಿದ್ದರೆ ಬದುಕಲಾಗದು ಎಂದು ನಡುವಿನವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲಗೆಯ ತುದಿಯ ತನಕ ಬಂದಿತ್ತು. ಪಕ್ಕದಲ್ಲಿ ಅಣ್ಣ ಸ್ಟೂಲು ಎಳೆದು ಕೂತ.

‘ಹನ್ನೆರಡು ಅಡುಗೆಮನೆ’ ಅಂದ ಅವನು.

‘ಹೂಂ’ ಅಂದಳು ಇವಳು.

ಪರದೆಯ ಮೇಲೆ ಹಸಿರು ಪಟ್ಟಿಯೊಂದು ಇರುವೆಯ ಹಾಗೆ ಹರಿಯತೊಡಗಿತು. ನಡುವಿನವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಗೂ ಎಲ್ಲ ಬರುತ್ತದೆ, ಬುಟ್ಟಿಯೂ ಅದರಲ್ಲೇ ಬರುತ್ತದೆ, ಮನೆ ಖಾಲಿ ಮಾಡುವಾಗ ಬುಟ್ಟಿಯನ್ನೂ ಒಯ್ಯುವುದಿಲ್ಲವೇ! ಆದರೂ ಜೀವ ಕೇಳಲಿಲ್ಲ. ಅಣ್ಣನನ್ನು ಒಂದೈದು ನಿಮಿಷ ಆಚೆ ಕಳಿಸಿದರೆ ಡಾಕ್ಟರಮ್ಮನ ಕಿವಿಯಲ್ಲಿ ಒಂದು ಮಾತು ಹಾಕಬಹುದು.

‘ಅಣ್ಣ, ಚಹಾ ಕುಡ್ಕೊಂಡು ಬಾ.’

‘ಬೇಡ.’

‘ಸೆಖೆ ಅಲ್ವಾ ಇಲ್ಲಿ?’

‘ಫ್ಯಾನ್ ಇದೆ.’

‘ಬೀಗದ ಕೈ ಒಂದು ಮಾಡಿಸ್ಬೇಕು ಅಂತಿದ್ದೆ, ಪಕ್ಕದಲ್ಲೇ…’

‘ಯಾಕೆ ನನ್ನನ್ನ ಓಡಿಸ್ತಿದ್ದೀಯ?’ ಅಂದ ಅಣ್ಣ. ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಎರಡು ಗಂಟೆ ಹಿಡಿಯಿತು. ಹನ್ನೆರಡು ಅಡುಗೆಮನೆಗಳೂ ದಾಟಿದವು. ಹಳೆಯ ನಕ್ಷೆಗಳು ದಾಟಿದವು. ‘ಬೇಡ ಅಂತ ಒಂದು ಫೋಲ್ಡರ್ ಇದೆ, ಆನೆಯಷ್ಟಿದೆ’ ಎಂದು ಡಾಕ್ಟರಮ್ಮ ಕೇಳಿದಾಗ ಅಣ್ಣ, ‘ಬೇಡ ಅಂದ ಮೇಲೆ ಬೇಡ’ ಅಂದ. ಅಷ್ಟರಲ್ಲಿ ಹಳೆಯ ಡಿಸ್ಕಿನ ಸದ್ದು ಬದಲಾಗಿತ್ತು. ಟಕ್, ಟಕ್, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಟಕ್.

‘ಪುಣ್ಯ ಮಾಡಿದ್ದೀರಿ. ಎಲ್ಲಾ ಬಂತು’ ಅಂದಳು ಡಾಕ್ಟರಮ್ಮ. ತಂತಿಯ ಮೇಲೆ ಕೈಯಿಟ್ಟಳು. ‘ಬಿಚ್ಚಲಾ?’

‘ಎಲ್ಲಾ ಬಂತಾ?’ ಅಂದಳು ನಡುವಿನವಳು.

‘ಎಲ್ಲಾ.’

‘ಎಲ್ಲಾ ಅಂದ್ರೆ… ಎಲ್ಲಾನಾ?’

‘ಎಷ್ಟು ಸಲ ಹೇಳ್ಲಮ್ಮ?’

‘ಬುಟ್ಟೀಲಿರೋದು?’

‘ಯಾವ ಬುಟ್ಟಿ?’

‘ಕಸದ ಬುಟ್ಟಿ.’

ಡಾಕ್ಟರಮ್ಮ ನಕ್ಕಳು. ‘ಹೊಸ ಮನೆಗೆ ಯಾರಾದ್ರೂ ಹಳೇ ಮನೆ ಕಸ ಹೊತ್ಕೊಂಡು ಹೋಗ್ತಾರಾ? ಬುಟ್ಟಿ ನಾನು ಯಾರದ್ದೂ ಮುಟ್ಟಲ್ಲ. ಇದರ ಜೊತೆಗೇ ಹೋಗುತ್ತೆ.’

ನಡುವಿನವಳು ಥಟ್ಟನೆ ಮುಂದಕ್ಕೆ ಬಾಗಿದಳು. ತಂತಿಯ ಮೇಲಿದ್ದ ಡಾಕ್ಟರಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಾನು ಹಾಗೆ ಹಿಡಿದದ್ದು ಅವಳಿಗೇ ಗೊತ್ತಾಗಲಿಲ್ಲ.

‘ಬಿಚ್ಚಬೇಡಿ. ಅದು ನಂಗೆ ಬೇಕು.’

‘ಕಸ ಯಾಕೆ ನಿಂಗೆ?’ ಅಂದ ಅಣ್ಣ.

ಅವಳು ಅವನ ಕಡೆ ನೋಡಲಿಲ್ಲ. ‘ಬುಟ್ಟೀಲಿರೋದನ್ನ ಹೊಸದರ ಬುಟ್ಟಿಗೇ ಹಾಕಿಕೊಡಿ, ಸಾಕು. ಇಡೋದೇನೂ ಬೇಡ.’

‘ಹಾಗೆಲ್ಲ ಬರಲ್ಲಮ್ಮ. ಬುಟ್ಟಿಯಿಂದ ಎತ್ತಿ ಬುಟ್ಟಿಗೆ ಹಾಕೋಕಾಗಲ್ಲ. ಮೊದಲು ಎಲ್ಲಾದ್ರೂ ಇಡ್ಬೇಕು. ಆಮೇಲೆ ಬೇಕಾದ್ರೆ ನೀವೇ ಎಸೀರಿ. ಒಂದು ಇಟ್ಕೊಳ್ಳಿ, ಇಲ್ಲಾ ಬಿಡಿ. ನಡುವೆ ಜಾಗ ಇಲ್ಲ.’

ಒಂಬತ್ತು ವರ್ಷ ಅವಳು ಕೂತಿದ್ದದ್ದು ಆ ನಡುವಿನಲ್ಲೇ. ಡಾಕ್ಟರಮ್ಮನಿಗೆ ಅದು ಹೇಗೆ ಗೊತ್ತಾಗಬೇಕು? ಅವಳು ತನ್ನ ಪಾಡಿಗೆ ಏನೇನೋ ಒತ್ತಿ, ಡಿಸ್ಕಿನೊಳಗೆ ಮುಚ್ಚಿಟ್ಟಿದ್ದ ಕೋಣೆಯೊಂದನ್ನು ತೆರೆದಳು. ಫೋಟೋಗಳ ಹೆಸರೆಲ್ಲ ಕಲಸಿಹೋಗಿತ್ತು. ಆದರೆ ಡಾಕ್ಟರಮ್ಮನ ಪರದೆ ದೊಡ್ಡದು. ಚಿತ್ರಗಳು ಒಂದೊಂದಾಗಿ, ನಿಧಾನಕ್ಕೆ, ಅಂಗೈಯಗಲ ಮೂಡಿದವು. ಬೀರುವಿನಿಂದ ಇಣುಕುತ್ತಿದ್ದ ಚಿನಕುರುಳಿ. ಹಲಗೆ ರಾಶಿಯ ಮೇಲಿನ ಚಿನಕುರುಳಿ. ಅವಳ ಮುಂದಿನ ಹಲ್ಲು ಒಂಚೂರು ಮುರಿದಿತ್ತು ಎಂಬುದೇ ನಡುವಿನವಳಿಗೆ ಮರೆತುಹೋಗಿತ್ತು. ಅಯ್ಯೋ, ಅದನ್ನು ಮರೆತೆನಲ್ಲ ಎಂದು ಅವಳಿಗೆ ಕಣ್ಣು ತುಂಬಿತು.

ಅಣ್ಣ ಸ್ಟೂಲಿನಿಂದ ಎದ್ದ.

‘ಇಡಲ್ಲ ಅಂದಿದ್ದೆ.’

‘ಇಟ್ಟಿರಲಿಲ್ಲ ಅಣ್ಣ. ನೀನು ಎಸಿ ಅಂದಲ್ಲೇ ಇತ್ತು.’

‘ಒಂಬತ್ತು ವರ್ಷಾನಾ?’

‘ಒಂಬತ್ತು ವರ್ಷ. ಒಂದು ಸಲಾನೂ ತೆಗೆದು ನೋಡಿಲ್ಲ. ಅವಳ ದನಿ ಹೇಗಿತ್ತು ಅಂತ ಕೂಡ…’

‘ನಿಮ್ಮ ಜಗಳ ಮುಗಿಯೋ ತನಕ ಇದು ಕಾಯಲ್ಲ’ ಅಂದಳು ಡಾಕ್ಟರಮ್ಮ. ಆದರೆ ದನಿ ಮೊದಲಿನಷ್ಟು ಒರಟಾಗಿರಲಿಲ್ಲ. ‘ಏನ್ಮಾಡ್ಲಿ? ಇಡ್ಲಾ, ಬಿಡ್ಲಾ?’

ಡಿಸ್ಕು ಟಕ್ ಅಂದಿತು. ನಡುವಿನವಳು ಒಮ್ಮೆ ಅಣ್ಣನ ಮುಖ ನೋಡಿದಳು. ಸಾಕಿ ಬೆಳೆಸಿದವನು, ಜ್ವರ ಬಂದಾಗ ತಲೆದೆಸೆಯಲ್ಲಿ ಕೂತವನು, ಅವನಿಗೆ ಕೊಟ್ಟ ಮಾತು. ಅವನ ಮೇಲೆ ಇದ್ದ ಪ್ರೀತಿಯೂ ಸುಳ್ಳಲ್ಲ.

‘ಇಡಿ’ ಅಂದಳು. ಆಮೇಲೆ ಅಣ್ಣನಿಗೆ ಹೇಳಿದಳು: ‘ಆಣೆ ಮುರಿದೆ ಅಂತ ಬೇಕಾದ್ರೆ ಅನ್ಕೋ. ಮಾತಾಡ್ಸಲ್ಲ ಅಂದ್ರೆ ಮಾತಾಡ್ಸಬೇಡ. ನಂಗೆ ಅವಳು ಬೇಕು ಅಣ್ಣ. ದಿನಾ ಬೇಕು.’

‘ಫೋಲ್ಡರಿಗೆ ಹೆಸರು?’ ಅಂದಳು ಡಾಕ್ಟರಮ್ಮ.

‘ಚಿನಕುರುಳಿ.’

ಅಣ್ಣ ಹೊರಗೆ ಹೋಗಬಹುದು ಎಂದುಕೊಂಡಳು. ಹೋಗಲಿಲ್ಲ. ಕೂರಲೂ ಇಲ್ಲ. ಪರದೆಯ ಕಡೆ ಬೆನ್ನು ಮಾಡಿ, ಗೋಡೆಗೆ ನೇತುಹಾಕಿದ್ದ ತಂತಿಗಳನ್ನು ನೋಡುತ್ತಾ ನಿಂತ.

ಹಸಿರು ಪಟ್ಟಿ ಹರಿಯಿತು, ನಿಂತಿತು, ಹರಿಯಿತು. ಮೂವತ್ತೊಂದು ಫೋಟೋಗಳಲ್ಲಿ ಇಪ್ಪತ್ತೆರಡು ಬಂದವು. ಹಲಗೆ ರಾಶಿಯ ಮೇಲಿನದು ಬಂತು, ಬೀರುವಿನದು ಬರಲಿಲ್ಲ. ಮೊದಲನೆಯ ರೆಕಾರ್ಡಿಂಗ್ ಬರಲಿಲ್ಲ. ಎರಡನೆಯದು ಬರಲಿಲ್ಲ. ಮೂರನೆಯದಕ್ಕೆ ಡಾಕ್ಟರಮ್ಮ ಡಿಸ್ಕನ್ನು ಅಂಗೈಯಲ್ಲಿ ಎತ್ತಿ, ಓರೆ ಮಾಡಿ ಹಿಡಿದುಕೊಂಡು ಕೂತಳು. ಕೆಲವು ಸಲ ಹೀಗೆ ಹಿಡಿದರೆ ಓದುತ್ತದೆ ಅಂದಳು. ಓದಲಿಲ್ಲ. ನಾಲ್ಕನೆಯದು ಅರ್ಧಕ್ಕಿಂತ ಮುಂದೆ ಹೋಯಿತು. ಆಮೇಲೆ ಡಿಸ್ಕಿನೊಳಗೆ ಏನೋ ಕೆರೆದ ಸದ್ದಾಗಿ, ತಿರುಗುತ್ತಿದ್ದದ್ದು ನಿಧಾನವಾಗಿ, ನಿಂತೇಹೋಯಿತು.

‘ಅಷ್ಟೇ. ಹೋಯ್ತು’ ಅಂದಳು ಡಾಕ್ಟರಮ್ಮ. ತಂತಿ ಬಿಚ್ಚಿದಳು. ‘ಬಂದಿದ್ದು ಸರಿಯಾಗಿದೆಯಾ ಅಂತ ತೆಗೆದು ನೋಡದೆ ನಾನು ಗಿರಾಕಿ ಕೈಗೆ ಕೊಡಲ್ಲ. ಹಾಕಲಾ?’

ನಡುವಿನವಳು ತಲೆಯಾಡಿಸಿದಳು. ಡಾಕ್ಟರಮ್ಮ ಒತ್ತಿದಳು. ಮೊದಲು ಬಟ್ಟೆ ಸರಿದಾಡಿದ ಸದ್ದು. ಆಮೇಲೆ, ಇಡೀ ಕೋಣೆಗೆ ಕೇಳುವ ಹಾಗೆ, ಆ ದನಿ ಬಂತು.

‘ಅಕ್ಕಾ, ಶುರು ಮಾಡ್ಲಾ? ಬರ್ಕೋ. ಬಾಗಿಲಿನ ಗೋಡೆ, ಎರಡು ಸಾವಿರದ ನಾನೂರ ಹತ್ತು. ಹತ್ತು, ಹನ್ನೊಂದಲ್ಲ. ಹನ್ನೊಂದು ಅಂತ ಬರ್ದು ಆಮೇಲೆ ನನ್ನ ತಲೆಗೆ ಕಟ್ಬೇಡ. ಕಿಟಕಿ ಗೋಡೆ, ಮೂರು ಸಾವಿರದ ಎಪ್ಪತ್ತು. ಕಿಟಕಿ ಕೆಳಗೆ ಒಂಬೈನೂರ ಇಪ್ಪತ್ತು. ಅಕ್ಕಾ, ಈ ಮನೆ ಅಜ್ಜಿ ನನ್ನ ಹಿಂದೆಹಿಂದೇನೇ ಬರ್ತಿದ್ದಾರೆ ಕಣೆ, ನಾನೇನೋ ಗೋಡೆ ಕದ್ಕೊಂಡು ಹೋಗ್ತೀನಿ ಅನ್ನೋ ಥರ. ಇಲ್ಲ ಅಜ್ಜಿ, ನಿಮಗಲ್ಲ, ನಮ್ಮಕ್ಕಂಗೆ ಹೇಳ್ತಿರೋದು! ಎಡಗಡೆ ಗೋಡೆ, ಎರಡು ಸಾವಿರದ ನೂರ ಐದು. ಅಣ್ಣಂಗೆ ಹೇಳು, ಈ ಮೂಲೆ ನೆಟ್ಟಗಿಲ್ಲ, ಹನ್ನೆರಡು ಮಿಲಿಮೀಟರ್ ವಾಲಿದೆ. ನಂಬಲ್ಲ ಅವನು. ಗೋಡೆ ನೆಟ್ಟಗಿದೆ, ನೀನೇ ವಾಲ್ಕೊಂಡು ಅಳ್ದಿದ್ದೀಯ ಅಂತಾನೆ. ಅದಕ್ಕೇ ಎರಡು ಸಲ ಅಳ್ದಿದ್ದೀನಿ. ಬಲಗಡೆ ಗೋಡೆ…’

ಅಲ್ಲಿಗೆ ನಿಂತಿತು.

ನಡುವಿನವಳು ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಅಣ್ಣ ಮೇಜಿನ ಪಕ್ಕ ಬಾಗಿ ನಿಂತಿದ್ದ. ಹೊಸ ಡಿಸ್ಕಿನ ಖಾಲಿ ಡಬ್ಬಿ ಅವನ ಎಡಗೈಯಲ್ಲಿತ್ತು, ಡಾಕ್ಟರಮ್ಮನ ಪೆನ್ಸಿಲ್ಲು ಬಲಗೈಯಲ್ಲಿ. ರಟ್ಟಿನ ಮೇಲೆ ಅವನ ದಪ್ಪ ಅಕ್ಷರದಲ್ಲಿ ೨೪೧೦, ೩೦೭೦, ೯೨೦, ೨೧೦೫ ಎಂದು ಸಾಲಾಗಿ ಇಳಿದಿತ್ತು. ಮೂಲೆಗೆ ಒಂದು ಗುರುತು ಹಾಕಿ ಹನ್ನೆರಡು ಎಂದು ಬರೆದಿದ್ದ. ಮೂವತ್ತು ವರ್ಷ ಪಳಗಿದ ಬಡಗಿಯ ಕೈ. ಅಳತೆ ಕಿವಿಗೆ ಬಿದ್ದರೆ ಯಜಮಾನನನ್ನು ಕೇಳಿ ಬರೆಯುವುದಿಲ್ಲ. ಪೆನ್ಸಿಲ್ಲು ಎತ್ತಿದ ಹಾಗೇ ಇತ್ತು.

‘ಬಲಗಡೆ ಎಷ್ಟು?’ ಅಂದ ಅಣ್ಣ.

‘ಇಷ್ಟೇ ಬಂದಿದ್ದು’ ಅಂದಳು ಡಾಕ್ಟರಮ್ಮ.

ಅವನು ತಂಗಿಯ ಕಡೆ ತಿರುಗಿದ. ‘ನೀನು ಬರ್ಕೊಂಡಿರ್ಬೇಕಲ್ಲ. ಬಲಗಡೆ ಎಷ್ಟು ಅಂದಿದ್ಲು?’

ಒಂಬತ್ತು ವರ್ಷದಲ್ಲಿ ಅವನ ಬಾಯಲ್ಲಿ ಅವಳ ಮಾತು ಬಂದದ್ದು ಅದೇ ಮೊದಲು.

‘ಯಾವ ಮನೇದೋ ಏನೋ ಅಣ್ಣ. ನಂಗೆ ಹೇಗೆ ನೆನಪಿರುತ್ತೆ? ಅವಳನ್ನೇ ಕೇಳ್ಬೇಕು. ಎಲ್ಲಿದ್ದಾಳೋ, ಹೇಗಿದ್ದಾಳೋ.’

ಅಣ್ಣ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

‘ಮರದಂಗಡಿಯವನಿಗೆ ಗೊತ್ತು’ ಅಂದ.

‘ಏನು ಗೊತ್ತು?’

‘ಅವಳದ್ದೇ ಒಂದು ಸಣ್ಣ ಕಾರ್ಖಾನೆ ಇದೆಯಂತೆ. ಹಲಗೆ ಇವನೇ ಕಳಿಸೋದು. ಅಸಲಿ ಮರ ಬಿಟ್ಟು ಬೇರೆ ತಗೊಳ್ಳಲ್ವಂತೆ.’

‘ಯಾವಾಗಿಂದ ಗೊತ್ತು ನಿಂಗೆ?’

‘ಆಯ್ತು, ಆರು ವರ್ಷ.’

ಆರು ವರ್ಷ! ಅವಳಿಗೆ ಸತ್ತ ಡಿಸ್ಕನ್ನು ಎತ್ತಿ ಅವನ ತಲೆಯ ಮೇಲೆ ಹಾಕಬೇಕೆನ್ನಿಸಿತು. ಅಂಚೆಚೀಟಿಯಷ್ಟು ಮುಖ ನೋಡಿಕೊಂಡು ತಾನು ಮಧ್ಯಾಹ್ನಗಳನ್ನು ಕಳೆಯುತ್ತಿದ್ದಾಗ ಇವನು ಕೆಳಗೆ, ಒಂದು ಮಹಡಿ ಕೆಳಗೆ, ಚಿನಕುರುಳಿಯ ವಿಳಾಸವನ್ನು ನುಂಗಿಕೊಂಡು ಮರ ಕೊಯ್ಯುತ್ತಿದ್ದ. ‘ನೀನು ಮನುಷ್ಯನಾ?’ ಅಂದಳು. ಕೂಗಿದಳು ಅಂದರೂ ಸರಿಯೇ. ‘ನಾನು ಸತ್ತು ಸುಣ್ಣ ಆಗ್ತಿದ್ದೆ ಇಲ್ಲಿ! ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?’

‘ನೀನು ಕೇಳಲಿಲ್ಲ’ ಅಂದ ಅಣ್ಣ.

‘ನೀನು ಕೇಳೋ ಹಾಗೆ ಇಟ್ಟಿದ್ಯಾ?’

ಅವನ ಕಣ್ಣೂ ಒದ್ದೆಯಾಗಿತ್ತು. ಡಬ್ಬಿಯ ಬರೆದ ಭಾಗವನ್ನು ನೀಟಾಗಿ ಹರಿದು, ಮಡಿಸಿ, ಎದೆಯ ಜೇಬಿಗೆ ಇಟ್ಟುಕೊಂಡ. ಚಪ್ಪಲಿ ಮೆಟ್ಟಿದ. ಎರಡು ಮೆಟ್ಟಿಲು ಹತ್ತಿ, ಬೀದಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತು, ಹಿಂದಿರುಗಿ ನೋಡಿದ.

‘ಬಾ.’

‘ಎಲ್ಲಿಗೆ?’

‘ಮರದಂಗಡಿಗೆ.’

‘ಈಗಲೇನಾ?’

ಆ ಅಜ್ಜಿಯ ಮನೆ ಯಾವುದೇ ಆಗಿರಲಿ, ಅದರ ಅಡುಗೆಮನೆಗೆ ಕಪಾಟು ಕೂರಿಸಿ ಎಷ್ಟೋ ವರ್ಷಗಳಾಗಿದ್ದವು. ಕೂರಿಸಿದವನು ಅವನೇ. ಅದು ಇಬ್ಬರಿಗೂ ಗೊತ್ತಿತ್ತು.

‘ಮತ್ತೆ?’ ಅಂದ ಅಣ್ಣ. ‘ಬಲಗಡೆ ಗೋಡೆ ಇಲ್ಲದೆ ಅಡುಗೆಮನೆ ಮಾಡೋಕಾಗುತ್ತೇನೆ?’